ಕಿರುಗೊಂಬೆಗಳ ಯುದ್ಧಕ್ರೀಡೆ ಮತ್ತು ಅದರ ಸಮ್ಮೇಳನಗಳು

ಮೇಜಿನ ಮೇಲೆ ಬೆಟ್ಟ, ಹೊಳೆ, ತೋಪು, ಊರುಗಳನ್ನು ಕಿರಿದಾಗಿ ನಿರ್ಮಿಸಿ, ಆ ನೆಲದ ಮೇಲೆ ಲೋಹದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಎರಕ ಹೊಯ್ದು ಬಣ್ಣವಿಟ್ಟ ಸೈನಿಕರ ಗೊಂಬೆಗಳನ್ನು ಹೂಡಿ, ಅಳತೆಯ ಟೇಪು, ದಾಳ, ಲಿಖಿತ ನಿಯಮಾವಳಿ ಈ ಮೂರರ ನೆರವಿನಿಂದ ಒಂದು ಕದನವನ್ನು ಆದ್ಯಂತವಾಗಿ ಆಡಿ ನೋಡುವ ವಿನೋದಕ್ಕೆ ಕಿರುಗೊಂಬೆಗಳ ಯುದ್ಧಕ್ರೀಡೆಯೆಂದು ಹೆಸರು. ಇಂಗ್ಲೆಂಡು ಮತ್ತು ಅಮೆರಿಕಗಳಲ್ಲಿ ಬೆಳೆದು, ಅಲ್ಲಿಂದ ಅನ್ಯ ದೇಶಗಳಿಗೂ ಹಬ್ಬಿರುವ ಈ ಹವ್ಯಾಸವು ಬಹುಮಟ್ಟಿಗೆ ಮನೆಯೊಳಗಿನದು. ಗೊಂಬೆಗೆ ಬಣ್ಣ ಹಾಕುವವನು ರಾತ್ರಿಯ ದೀಪದ ಕೆಳಗೆ ಒಂಟಿಯಾಗಿ ಕುಳಿತು ತಿಂಗಳುಗಟ್ಟಲೆ ದುಡಿಯುತ್ತಾನೆ. ಆ ಏಕಾಂತದ ದುಡಿಮೆಯು ಸಾರ್ಥಕವಾಗುವ ಸ್ಥಾನವೇ ವರ್ಷಕ್ಕೊಮ್ಮೆಯೋ ಎರಡಾವರ್ತಿಯೋ ನೆರೆಯುವ ಹವ್ಯಾಸಿಗಳ ಸಮ್ಮೇಳನ. ಅಲ್ಲಿ ತಾನು ವರ್ಷವಿಡೀ ಸಿದ್ಧಪಡಿಸಿದ ಎರಡು ಸೈನ್ಯಗಳನ್ನೂ ರಣಭೂಮಿಯನ್ನೂ ಹೊತ್ತುತಂದ ಒಬ್ಬಾತನು, ಹಿಂದೆಂದೂ ಕಾಣದ ಆರೆಂಟು ಮಂದಿಯನ್ನು ಮೇಜಿನ ಸುತ್ತ ಕರೆದು, ತನ್ನ ಸೇನೆಗಳ ಅಧಿಪತ್ಯವನ್ನು ಅವರ ಕೈಗೊಪ್ಪಿಸಿ, ತಾನು ಯಾವ ಪಕ್ಷವನ್ನೂ ಸೇರದೆ ಬದಿಗೆ ನಿಲ್ಲುತ್ತಾನೆ. ಸೋಲುಗೆಲುವಿಗಿಂತ ಈ ಆತಿಥ್ಯವೇ ಸಮ್ಮೇಳನದ ಆಟದ ಪ್ರಾಣವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ಕ್ರೀಡೆಯ ಬೇರನ್ನು ಅರಸುತ್ತ ಹೋದರೆ ನಮ್ಮ ಮನೆಯಂಗಳಕ್ಕೇ ಬರುತ್ತೇವೆ. ಆನೆ, ಕುದುರೆ, ರಥ, ಪದಾತಿಗಳೆಂಬ ನಾಲ್ಕಂಗದ ಸೈನ್ಯವನ್ನು ಹಾಸಿನ ಮೇಲಿಳಿಸಿದ ಚತುರಂಗವು ಪಾರಸಿಕರಿಂದ ಅರಬರಿಗೂ ಅವರಿಂದ ಯೂರೋಪಿಗೂ ಸಾಗಿತು. ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯ ಬಂಧಗಳನ್ನೂ ಹೊಸ ಹೊಸ ಹಾಸಿನ ಆಟಗಳನ್ನೂ ರಚಿಸಿದರು. ಅತ್ತ ಜರ್ಮನ್ ರಾಜ್ಯಗಳಲ್ಲಿ ಚದುರಂಗವನ್ನು ನಿಜವಾದ ಯುದ್ಧದ ಸಮೀಪಕ್ಕೆ ಎಳೆಯುವ ಯತ್ನ ನಡೆದಿತ್ತು. ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಎಂಬಾತನು 1780ರಲ್ಲಿ ಪ್ರಕಟಿಸಿದ ಆಟದಲ್ಲಿ ಮನೆಗಳ ಸಂಖ್ಯೆ ಅತಿಯಾಗಿ ಬೆಳೆದು, ಒಂದೊಂದು ಮನೆಗೂ ಬೆಟ್ಟ, ಜೌಗು, ನೀರು ಎಂಬ ಬಣ್ಣದ ಗುರುತು ಬಂದಿತು. ಪ್ರಷ್ಯದ ಫಾನ್ ರೈಸ್ವಿಟ್ಸ್ ಎಂಬ ಅಧಿಕಾರಿಯು ಮನೆಗಳನ್ನೇ ತೊಡೆದುಹಾಕಿ, ಜೋಡಿಸಿದಂತೆಲ್ಲ ಬೇರೆ ಬೇರೆ ಭೂಭಾಗವಾಗುವ ಬಿಲ್ಲೆಗಳಿದ್ದ ಒಂದು ಸೊಗಸಾದ ಮೇಜನ್ನು 1812ರಲ್ಲಿ ತನ್ನ ದೊರೆಗೆ ಅರ್ಪಿಸಿದನು. ಅವನ ಮಗನು 1824ರಲ್ಲಿ ಅದೇ ವಿನೋದವನ್ನು ಅರಮನೆಯಿಂದ ಸೈನ್ಯದ ಪಾಠಶಾಲೆಗೆ ತಂದನು: 1:8000 ಪ್ರಮಾಣದ ನಕ್ಷೆ, ಎರಡು ನಿಮಿಷದ ಯುದ್ಧಕ್ಕೆ ಸಮವಾದ ಒಂದೊಂದು ಸರದಿ, ಹಾನಿಯನ್ನು ನಿರ್ಣಯಿಸುವ ದಾಳ, ಮತ್ತು ಇಬ್ಬರ ನಡುವೆ ನಿಂತು ಯಾರಿಗೆ ಏನು ಕಾಣುತ್ತದೆಂಬುದನ್ನು ತಿಳಿಸುವ ಮಧ್ಯಸ್ಥ. ಇಂದಿನ ಸಮ್ಮೇಳನಗಳ ಮೇಜಿನ ಬಳಿ ನಿಂತಿರುವಾತನು ಈ ಮಧ್ಯಸ್ಥನ ನೇರ ವಂಶಜ. ಅದೃಷ್ಟವನ್ನು ಲೆಕ್ಕಕ್ಕೆ ತಂದುಕೊಂಡದ್ದೇ ತರುಣ ರೈಸ್ವಿಟ್ಸನ ಮಹತ್ಕಾರ್ಯವೆಂದು ನನ್ನ ಎಣಿಕೆ. ಗುಂಡು ಗುರಿ ತಪ್ಪಬಹುದೆಂಬ ಸತ್ಯಕ್ಕೆ ಚದುರಂಗದಲ್ಲಿ ಎಡೆಯಿರಲಿಲ್ಲ.

ಅಧಿಕಾರಿಗಳ ಶಾಲೆಯಿಂದ ಈ ಆಟವು ಮತ್ತೆ ಮಕ್ಕಳ ಕೋಣೆಗೆ ಬಂದುದಕ್ಕೆ ಸಾಹಿತಿಗಳು ಕಾರಣರಾದರು. ಕ್ಷಯದ ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿನ ಡಾವೋಸಿನಲ್ಲಿ ತಂಗಿದ್ದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನು 1880ರ ದಶಕದ ಆರಂಭದ ಚಳಿಗಾಲದಲ್ಲಿ ತನ್ನ ಮಲಮಗ ಲಾಯ್ಡ್ ಆಸ್‌ಬರ್ನನೊಡನೆ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದು, ಸೀಸದ ಸಿಪಾಯಿಗಳನ್ನು ನಿಲ್ಲಿಸಿ ದಂಡಯಾತ್ರೆಗಳನ್ನು ನಡೆಸಿದನು. ವಿಲಿಯಂ ಬ್ರಿಟನ್ನನ ಮನೆತನದವರು 1893ರಲ್ಲಿ ಒಳಗೆ ಟೊಳ್ಳಾಗುವಂತೆ ಸೀಸದ ಗೊಂಬೆ ಎರೆಯುವ ಉಪಾಯವನ್ನು ಕಂಡುಹಿಡಿದ ಮೇಲೆ ಗೊಂಬೆಯ ತೂಕವೂ ಬೆಲೆಯೂ ಇಳಿದು, ಆಟದ ಸೈನ್ಯವು ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಆ ಸೈನ್ಯಕ್ಕೆ ಶಾಸ್ತ್ರವೊಂದನ್ನು ಬರೆದುಕೊಟ್ಟವನು ಎಚ್. ಜಿ. ವೆಲ್ಸ್. 1913ರಲ್ಲಿ ಹೊರಬಂದ ಅವನ ‘ಲಿಟಲ್ ವಾರ್ಸ್’ ಎಂಬ ಕಿರುಹೊತ್ತಗೆಯ ನಿಯಮಗಳು ಮಗುವಿಗೂ ಅರ್ಥವಾಗುವಷ್ಟು ಸರಳ: ಪದಾತಿಗೆ ಒಂದು ಸರದಿಯಲ್ಲಿ ಒಂದಡಿಯ ನಡೆ, ಅಶ್ವಾರೋಹಿಗೆ ಎರಡಡಿ, ಫಿರಂಗಿಗೆ ದಾಳವಿಲ್ಲ, ಸ್ಪ್ರಿಂಗು ಹೂಡಿದ ಆಟಿಕೆಯ ತೋಪಿನಿಂದ ಮರದ ಕಡ್ಡಿಯನ್ನು ನಿಜವಾಗಿ ಹಾರಿಸತಕ್ಕದ್ದು, ತಗಲಿ ಉರುಳಿದವನು ಸತ್ತಂತೆ. ನೆಲದ ಮೇಲೆ ಮೊಣಕಾಲೂರಿ ಆಡಿದ ಆ ಪ್ರಸಿದ್ಧ ಲೇಖಕನು ಪುಸ್ತಕದ ಕೊನೆಯಲ್ಲಿ, ಈ ಪುಟ್ಟ ಯುದ್ಧವನ್ನು ನಾಲ್ಕಾರು ಸಲ ಆಡಿದವನಿಗೆ ನಿಜವಾದ ಮಹಾಯುದ್ಧವೆಂಬುದು ಎಂತಹ ಪ್ರಮಾದಗಳ ಸರಣಿಯಾದೀತೆಂಬುದು ತಾನಾಗಿ ಹೊಳೆಯುವುದೆಂಬ ಅರ್ಥದ ಮಾತನ್ನು ಬಲು ಆಸ್ಥೆಯಿಂದ ಬರೆದಿದ್ದಾನೆ. ಅದು ಅಚ್ಚಾದ ಮರುವರ್ಷವೇ ಮಹಾಯುದ್ಧವು ಬಂದಿತು.

ಚೆದುರಿದ ಹವ್ಯಾಸಿಗಳು ಒಂದೆಡೆ ನೆರೆಯುವ ಪದ್ಧತಿಯು ಎರಡನೆಯ ಮಹಾಯುದ್ಧದ ನಂತರದ್ದು. ಕ್ಯಾಲಿಫೋರ್ನಿಯದಲ್ಲಿ ಗೊಂಬೆ ಎರೆಯುತ್ತಿದ್ದ ಜ್ಯಾಕ್ ಸ್ಕ್ರೂಬಿ 1956ರಲ್ಲಿ ಕರೆದ ಕೂಟಕ್ಕೆ ಬಂದವರು ಕೇವಲ 14 ಮಂದಿ; ಆತನು ಮರುವರ್ಷ ಆರಂಭಿಸಿದ ಪತ್ರಿಕೆಯು ಅಟ್ಲಾಂಟಿಕ್ಕಿನ ಎರಡು ದಡಗಳ ಆಟಗಾರರಿಗೂ ಪರಸ್ಪರ ಪರಿಚಯ ಮಾಡಿಸಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ 1961ರಲ್ಲಿ ಆ ದೇಶದ ಮೊದಲ ಸಮ್ಮೇಳನವನ್ನು ನಡೆಸಿ, ಮುಂದಿನ ವರ್ಷ ‘ವಾರ್ ಗೇಮ್ಸ್’ ಎಂಬ ಗ್ರಂಥವನ್ನು ಹೊರತಂದನು. ವೃತ್ತಿಯಿಂದ ಅಂಗಮರ್ದನ ಚಿಕಿತ್ಸಕನಾಗಿ, ಆ ಊರಿನ ಫುಟ್‌ಬಾಲ್ ತಂಡದ ಆಟಗಾರರ ಕಾಲುಗಳನ್ನು ನೀವುತ್ತಿದ್ದ ಈತನು ಯುದ್ಧಕಾಲದಲ್ಲಿ ಟ್ಯಾಂಕುಗಳ ದಳದಲ್ಲಿದ್ದು ರಣವನ್ನು ಕಣ್ಣಾರೆ ಕಂಡವನು. ಇಂದು ಅರುವತ್ತು ದಾಟಿರುವ ಅನೇಕ ಆಟಗಾರರು ಗ್ರಂಥಾಲಯದಲ್ಲಿ ಆ ಪುಸ್ತಕ ಕೈಗೆ ಸಿಕ್ಕಿದ ದಿನವನ್ನು ತಮ್ಮ ದೀಕ್ಷೆಯ ದಿನವೆಂಬಂತೆ ನೆನೆಯುತ್ತಾರೆ.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ 1968ರಲ್ಲಿ ತೋಟಗಾರಿಕೆಯ ಸಂಘದ ಸಭಾಂಗಣವನ್ನು 50 ಡಾಲರಿಗೆ ಬಾಡಿಗೆ ಹಿಡಿದು, ತಲೆಗೊಂದು ಡಾಲರು ಪ್ರವೇಶಶುಲ್ಕವಿಟ್ಟು ನಡೆಸಿದ ‘ಜೆನ್ ಕಾನ್’ ಈ ಇತಿಹಾಸದ ಇನ್ನೊಂದು ಮೈಲಿಗಲ್ಲು. ಊರಿನ ಹೆಸರೂ ಯುದ್ಧನಿಯಮಗಳ ಜಿನೀವಾ ಒಪ್ಪಂದದ ಹೆಸರೂ ಕೂಡಿ ಆ ಅಂಕಿತವಾಯಿತು. ಮರುವರ್ಷದ ಕೂಟದಲ್ಲಿ ಗೈಗ್ಯಾಕ್ಸನಿಗೆ ಡೇವ್ ಆರ್ನೆಸನ್ ಎಂಬ ತರುಣನ ಪರಿಚಯವಾಯಿತು. ಮಧ್ಯಯುಗದ ಸೈನ್ಯಗಳಿಗೆಂದು ಗೈಗ್ಯಾಕ್ಸನು ಜೆಫ್ ಪೆರೆನ್ನನೊಡಗೂಡಿ 1971ರಲ್ಲಿ ರಚಿಸಿದ ‘ಚೈನ್‌ಮೇಲ್’ ನಿಯಮಗಳನ್ನು ಆರ್ನೆಸನ್ನನು ಒಬ್ಬೊಬ್ಬ ವೀರನ ಸಾಹಸಗಳಿಗೆ ಅನ್ವಯಿಸುತ್ತ ಹೋದುದರಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಜನ್ಮತಾಳಿತು. ಪಾತ್ರಧಾರಣೆಯ ಆಟಗಳೆಂಬ ಸಮಸ್ತ ಸಂತತಿಗೂ ಸಮ್ಮೇಳನದ ಮೇಜೊಂದರ ಬಳಿ ಆದ ಆ ಭೇಟಿಯೇ ಮೂಲ. ಈಗ ಇಂಡಿಯಾನಾಪೊಲಿಸ್ ನಗರದಲ್ಲಿ ನೆರೆಯುವ ಜೆನ್ ಕಾನ್‌ಗೆ 2023ರಲ್ಲಿ 70,000ಕ್ಕೂ ಮಿಕ್ಕ ಜನ ಬಂದಿದ್ದರು. ಆದರೆ ಅಲ್ಲಿ ಇಸ್ಪೀಟಿನ ಮತ್ತು ಹಾಸಿನ ಆಟಗಳ ನಡುವೆ ಕಿರುಗೊಂಬೆಗಳು ಒಂದು ಪಾಲು ಮಾತ್ರ.

ಕಿರುಗೊಂಬೆಗಳಿಗೇ ಮೀಸಲಾದ ಕೂಟಗಳಲ್ಲಿ ಎರಡು ಸಂಪ್ರದಾಯಗಳಿವೆ. ಸೌತ್ ಲಂಡನ್ ವಾರ್‌ಲಾರ್ಡ್ಸ್ ಸಂಘವು 1972ರಿಂದ ನಡೆಸಿಕೊಂಡು ಬಂದಿರುವ ‘ಸಲ್ಯೂಟ್’ ಬ್ರಿಟಿಷ್ ಪದ್ಧತಿಯ ಮಾದರಿ. ಅದು ಒಂದು ದಿನದ ಜಾತ್ರೆ. ಮುಂಜಾನೆ ಬಾಗಿಲು ತೆರೆಯುವ ಮುನ್ನವೇ ಸಾಲು ನಿಲ್ಲುವ ಜನ, ಗೊಂಬೆ, ಬಣ್ಣ, ಪುಸ್ತಕಗಳ ವ್ಯಾಪಾರಿಗಳು, ನೋಡಲೆಂದೇ ಸಿದ್ಧಪಡಿಸಿದ ಅತಿ ಸುಂದರವಾದ ಪ್ರದರ್ಶನದ ಮೇಜುಗಳು, ದಾರಿಹೋಕರೂ ಅರ್ಧ ಗಂಟೆ ಕೈಹಾಕಬಹುದಾದ ಸಣ್ಣ ಆಟಗಳು. ಅಮೆರಿಕದ ಐತಿಹಾಸಿಕ ಕಿರುಗೊಂಬೆ ಆಟಗಾರರ ಸಂಘವು ಬೇಸಿಗೆಯಲ್ಲಿ ನಡೆಸುವ, ಪೆನ್ಸಿಲ್ವೇನಿಯದ ಲ್ಯಾಂಕ್ಯಾಸ್ಟರಿನೊಡನೆ ದೀರ್ಘಕಾಲದ ನಂಟುಳ್ಳ ‘ಹಿಸ್ಟಾರಿಕಾನ್’ ಹಾಗಲ್ಲ. ಅಲ್ಲಿ ಜನರು ಹೋಟೆಲಿನಲ್ಲೇ ಬಿಡಾರ ಹೂಡಿ ನಾಲ್ಕೈದು ದಿನ ಬೆಳಗಿನಿಂದ ನಡುರಾತ್ರಿಯವರೆಗೆ ಆಡುತ್ತಾರೆ. ಪ್ರತಿಯೊಂದು ಆಟಕ್ಕೂ ಮುಂಚಿತವಾಗಿ ಅಚ್ಚಾದ ವೇಳಾಪಟ್ಟಿ, ಇಷ್ಟೇ ಆಸನಗಳೆಂಬ ಮಿತಿ, ಸುಮಾರು ನಾಲ್ಕು ಗಂಟೆಯ ಅವಧಿ. ಒಂದರಲ್ಲಿ ನೋಡುವ ಸುಖವೂ ಮತ್ತೊಂದರಲ್ಲಿ ಆಡುವ ಸುಖವೂ ಹೆಚ್ಚೆನ್ನಬಹುದು. ನಾನು ಎರಡನೆಯದರ ಪಕ್ಷಪಾತಿ: ಗಾಜಿನೊಳಗಿಟ್ಟಂತೆ ದೂರದಿಂದ ನೋಡಿ ಮೆಚ್ಚುವ ರಣಭೂಮಿಯು, ಎಷ್ಟೇ ಚೆಲುವಾಗಿದ್ದರೂ, ಅಪರಿಚಿತರ ಕೈ ತಾಗಿ ಗುರುತು ಬಿದ್ದ ರಣಭೂಮಿಯಷ್ಟು ಜೀವಂತವಾಗಿರಲಾರದು.

ಅಂಥದೊಂದು ಮೇಜನ್ನು ಹತ್ತಿರದಿಂದ ನೋಡೋಣ. ಲ್ಯಾಂಕ್ಯಾಸ್ಟರಿನಿಂದ ಗೆಟಿಸ್‌ಬರ್ಗ್ ಎರಡು ಗಂಟೆಗೂ ಕಡಮೆಯ ಹಾದಿಯಾದುದರಿಂದ, ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 2ರಂದು, ಆ ಊರಿನ ಬಳಿಯ ಲಿಟಲ್ ರೌಂಡ್ ಟಾಪ್ ಎಂಬ ಕಲ್ಲುಗುಡ್ಡದ ಮೇಲೆ ನಡೆದ ಕದನವು ಅಲ್ಲಿನವರಿಗೆ ಅಚ್ಚುಮೆಚ್ಚು. ಆಟದ ಸೂತ್ರಧಾರನು ಆರಡಿ ಅಗಲದ ಮೇಜಿಗೆ ಹಸಿರು ಬಟ್ಟೆ ಹಾಸಿ, ಅದರಡಿಗೆ ಥರ್ಮೋಕೋಲ್ ಹಲಗೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಇರಿಸಿ ಗುಡ್ಡವೆಬ್ಬಿಸಿದ್ದಾನೆ. ಒಣಗಿಸಿದ ಕಲ್ಲುಹೂವು ಪೊದೆಯಾಗಿದೆ, ಮರದ ತೊಗಟೆಯ ಚೂರುಗಳು ಬಂಡೆಗಳಾಗಿವೆ. ಅಂಗುಲಕ್ಕೆ 25 ಗಜವೆಂದು ನೆಲದ ಲೆಕ್ಕ. ಅಂದರೆ ಮೇಜಿನ ಆರಡಿಯು ನೆಲದ ಮೇಲೆ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಒಂದು ಗೊಂಬೆ 20 ಮಂದಿ ಸೈನಿಕರ ಪ್ರತಿನಿಧಿಯಾದರೆ, ಸುಮಾರು 380 ಮಂದಿಯಿದ್ದ 20ನೆಯ ಮೈನ್ ದಳವು 19 ಗೊಂಬೆಗಳಾಗಿ ನಿಲ್ಲುತ್ತದೆ. ಇಲ್ಲೊಂದು ವಿಚಿತ್ರವಾದ ವಿರೋಧವುಂಟು. 28 ಮಿಲಿಮೀಟರು ಎತ್ತರದ ಗೊಂಬೆಯು ಮನುಷ್ಯನ ಐವತ್ತಾರನೆಯ ಒಂದಂಶ ಗಾತ್ರದ್ದು. ಅದು ನಿಂತಿರುವ ನೆಲವೋ ನಿಜದ ಒಂಬೈನೂರನೆಯ ಒಂದಂಶ. ಆದ್ದರಿಂದ ಒಂದು ಗೊಂಬೆಮನೆಯು ಒಂದಿಡೀ ಗ್ರಾಮದ ಜಾಗವನ್ನು ಆಕ್ರಮಿಸುತ್ತದೆ, ಹತ್ತು ಮರಗಳು ಕಾಡೆನಿಸಿಕೊಳ್ಳುತ್ತವೆ. ಯಕ್ಷಗಾನದ ಪ್ರೇಕ್ಷಕನು ರಂಗಸ್ಥಳಕ್ಕೆ ಒಂದು ಸುತ್ತು ಬಂದ ವೇಷಧಾರಿಯು ಅಯೋಧ್ಯೆಯಿಂದ ಅರಣ್ಯಕ್ಕೆ ಹೋದನೆಂದು ಹೇಗೆ ಒಪ್ಪುವನೋ ಹಾಗೆ ಆಟಗಾರನು ಈ ಎರಡು ಪ್ರಮಾಣಗಳ ಅಂತರವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾನೆ.

ಆಟ ತೊಡಗುತ್ತದೆ. ಸರದಿ ಬಂದವನು ತನ್ನ ದಳವನ್ನು ಟೇಪಿನ ಗುರುತಿನಷ್ಟು ಮುಂದಕ್ಕೆ ಸರಿಸುತ್ತಾನೆ. ಗುಡ್ಡವೇರುವಾಗ ನಡೆ ಕಡಮೆ, ಪೊದೆಯೊಳಗೆ ಇನ್ನೂ ಕಡಮೆ. ಗುಂಡು ಹಾರಿಸಿದ ದಳದ ಮುಂದೆ ಒಂದು ಚೂರು ಹತ್ತಿಯನ್ನು ಇಡುವುದು ಹಲವು ಮೇಜುಗಳ ವಾಡಿಕೆ; ಮಧ್ಯಾಹ್ನದ ಹೊತ್ತಿಗೆ ಇಡೀ ಗುಡ್ಡವು ಹತ್ತಿಯ ಹೊಗೆಯಿಂದ ಮುಸುಕುತ್ತದೆ. ದಾಳಗಳನ್ನುರುಳಿಸಿ ಅಂತರ, ಆಶ್ರಯ, ದಣಿವುಗಳಿಗೆ ತಕ್ಕಂತೆ ಕೂಡಿಸಿ ಕಳೆದಾಗ ಎಷ್ಟು ಗೊಂಬೆಗಳನ್ನು ತೆಗೆಯಬೇಕೆಂಬುದು ನಿರ್ಣಯವಾಗುತ್ತದೆ. ಆದರೆ ಈ ಶಾಸ್ತ್ರದ ನಿಜವಾದ ಮರ್ಮವಿರುವುದು ಸಾವಿನ ಲೆಕ್ಕದಲ್ಲಲ್ಲ, ಧೈರ್ಯದ ಲೆಕ್ಕದಲ್ಲಿ. ಕಾಲುಭಾಗ ಜನರನ್ನು ಕಳೆದುಕೊಂಡ ದಳ, ಪಾರ್ಶ್ವದಲ್ಲಿ ಶತ್ರುವನ್ನು ಕಂಡ ದಳ, ನೆರೆಯ ದಳವು ಓಡಿಹೋಗುವುದನ್ನು ಕಂಡ ದಳ, ಇವುಗಳೆಲ್ಲ ನಿಲ್ಲುತ್ತವೆಯೋ ಹಿಮ್ಮೆಟ್ಟುತ್ತವೆಯೋ ಎಂಬುದಕ್ಕೆ ಮತ್ತೆ ದಾಳ ಎಸೆಯಬೇಕು. ಇತಿಹಾಸದಲ್ಲಿ ಮೈನ್ ದಳದ ನಾಯಕನಾಗಿದ್ದ ಕಾಲೇಜು ಅಧ್ಯಾಪಕ ಜೋಷುವಾ ಚೇಂಬರ್ಲೇನನು, ಮದ್ದುಗುಂಡು ಮುಗಿಯುತ್ತ ಬಂದಾಗ, ಸನೀನುಗಳನ್ನು ಹೂಡಿಸಿ ಗುಡ್ಡದಿಂದ ಕೆಳಕ್ಕೆ ಧಾವಿಸಿದನು; ಎದುರಿದ್ದ ಅಲಬಾಮದವರು ಚದುರಿದರು. ಮೇಜಿನ ಮೇಲೆ ಆ ಸ್ಥಾನದಲ್ಲಿ ಕುಳಿತ ಓಹಾಯೊದ ನಿವೃತ್ತ ಉಪಾಧ್ಯಾಯನೋ ಹದಿನೈದು ವರ್ಷದ ಹುಡುಗಿಯೋ ಅದೇ ಆಜ್ಞೆಯನ್ನು ಕೊಟ್ಟು, ಕೈಯಲ್ಲಿ ದಾಳ ಹಿಡಿದು ಒಂದು ಕ್ಷಣ ತಡೆಯುವರು. ಸುತ್ತ ನಿಂತವರೆಲ್ಲರೂ ಮೌನವಾಗುವರು. ನೂರೈವತ್ತಕ್ಕೂ ಮಿಕ್ಕ ವರ್ಷಗಳ ಕೆಳಗಿನ ನಿರ್ಧಾರವೊಂದರ ಭಾರವು ಓದಿದರೆ ತಿಳಿಯುವ ರೀತಿ ಬೇರೆ, ಆ ಕ್ಷಣದಲ್ಲಿ ಅಂಗೈಗೆ ತಿಳಿಯುವ ರೀತಿ ಬೇರೆ.

ಇಂಥ ಮೇಜಿನ ಹಿಂದಿರುವ ಶ್ರಮವನ್ನು ಒಂದೇ ಗೊಂಬೆಯಲ್ಲಿ ಕಾಣಬಹುದು. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಲೋಹದ ಮೇಲೆ ಉಳಿಯುವ ಗೆರೆಯನ್ನು ಅರದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಬಣ್ಣ ಹಿಡಿಯುವಂತೆ ಅಸ್ತರು ಬಳಿದು, ಅನಂತರ ಮುಖ, ಅಂಗಿ, ಚರ್ಮದ ಪಟ್ಟಿ, ಬಂದೂಕುಗಳಿಗೆ ಅವುಗಳವುಗಳ ಬಣ್ಣವಿಡಬೇಕು. ಅದರ ಮೇಲೆ ನೀರಿನಂತೆ ತೆಳುವಾದ ಕಂದುಬಣ್ಣವನ್ನು ಹರಿಯಬಿಟ್ಟರೆ ಅದು ಬಟ್ಟೆಯ ಮಡಿಕೆಗಳಲ್ಲಿ ಇಂಗಿ ನೆರಳಾಗುತ್ತದೆ. ಉಬ್ಬಿದ ಕಡೆ ತಿಳಿಬಣ್ಣದ ಒಂದೊಂದು ಗೆರೆ ಎಳೆದರೆ ಬೆಳಕು ಬಿದ್ದಂತಾಗುತ್ತದೆ. ಬುಡದ ಬಿಲ್ಲೆಗೆ ಅಂಟು ಸವರಿ ಮರಳು ಉದುರಿಸಿ, ಒಣಗಿದ ಮೇಲೆ ಕೃತಕ ಹುಲ್ಲಿನ ಎಳೆಗಳನ್ನು ನೆಡುವುದರೊಂದಿಗೆ ಒಬ್ಬ ಸಿಪಾಯಿ ಸಿದ್ಧ. ಹೀಗೆ ಮುನ್ನೂರು ನಾನ್ನೂರು ಆಗಬೇಕು. ಹಿಂದೆ ಗೊಂಬೆಗಳಲ್ಲಿ ಸೀಸವೇ ಪ್ರಧಾನವಾಗಿತ್ತು. 1990ರ ದಶಕದಲ್ಲಿ ಸೀಸದ ವಿಷದ ಭೀತಿಯಿಂದ ಅನೇಕ ಎರಕದವರು ತವರದ ಮಿಶ್ರಲೋಹಕ್ಕೆ ತಿರುಗಿದರು, ಬೆಲೆ ಏರಿತು. ಈಗ ಪ್ಲಾಸ್ಟಿಕ್ಕೂ ಮನೆಯಲ್ಲೇ ಅಚ್ಚೊತ್ತುವ ತ್ರಿಪರಿಮಾಣದ ಯಂತ್ರವೂ ಲೋಹದ ಸ್ಥಾನವನ್ನು ಆಕ್ರಮಿಸುತ್ತಿವೆ. ಕಲ್ಪನೆಯ ಲೋಕಗಳ ಸೈನ್ಯಗಳನ್ನು ಜಗತ್ತಿನಾದ್ಯಂತ ಮಾರುವ, ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ ‘ವಾರ್‌ಹ್ಯಾಮರ್’ 1983ರಲ್ಲಿ ಹುಟ್ಟಿದ್ದು. ಅದರ ಆಟಗಾರರು ಐತಿಹಾಸಿಕ ಆಟಗಾರರಿಗಿಂತ ಸಂಖ್ಯೆಯಲ್ಲಿ ಬಹಳ ಹೆಚ್ಚು. ಸ್ಪರ್ಧೆಯ ಆಟಗಳಿಗೆ ಬೇರೆಯೇ ಶಿಸ್ತಿದೆ. ಫಿಲ್ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ 1990ರಲ್ಲಿ ರಚಿಸಿದ ಒಂದು ನಿಯಮಾವಳಿಯಲ್ಲಿ ಪ್ರತಿಯೊಂದು ಪ್ರಾಚೀನ ಸೈನ್ಯವೂ ಕೇವಲ 12 ತುಕಡಿಗಳಿಗೆ ಇಳಿದು, ಒಂದು ಗಂಟೆಯಲ್ಲಿ ಕದನ ಮುಗಿಯುತ್ತದೆ.

ಕನ್ನಡ ನಾಡಿನ ಚರಿತ್ರೆಯೂ ಈ ಮೇಜುಗಳನ್ನೇರಿದೆ. ಆಂಗ್ಲ-ಮೈಸೂರು ಯುದ್ಧಗಳು ಹದಿನೆಂಟನೆಯ ಶತಮಾನದ ಕದನಗಳನ್ನು ಆಡುವವರಿಗೆ ಪರಿಚಿತ ವಸ್ತು. ಹುಲಿಪಟ್ಟೆಯ ಉಡುಪಿನ ಟಿಪ್ಪುವಿನ ಪದಾತಿಗಳನ್ನು ಎರಕ ಹೊಯ್ಯುವ ತಯಾರಕರಿದ್ದಾರೆ. ಹೆಲ್ವಿಗ್ಗನ ಆಟ ಪ್ರಕಟವಾದ ವರ್ಷವೇ, 1780ರ ಸೆಪ್ಟೆಂಬರ್ 10ರಂದು, ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಯ್ಲಿಯ ದಳವನ್ನು ಸುತ್ತುವರಿದು ನಿರ್ನಾಮ ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಕದನದ ಚಿತ್ರವನ್ನು ನೋಡಿದವರಿಗೆ ಚೌಕವಾಗಿ ನಿಂತ ಕೆಂಪಂಗಿಯವರ ನಡುವೆ ಮದ್ದಿನ ಬಂಡಿಯು ಸಿಡಿಯುತ್ತಿರುವುದು ನೆನಪಿರಬಹುದು. ಮೈಸೂರಿನವರ ಕಬ್ಬಿಣದ ಕೊಳವೆಯ ಬಾಣಗಳು ನಿಯಮಕಾರನಿಗೆ ಒಂದು ಸಮಸ್ಯೆ: ಅವು ದೂರ ಹಾರುತ್ತವೆ, ಆದರೆ ಎಲ್ಲಿಗೆಂದು ಹಾರಿಸಿದವನಿಗೂ ತಿಳಿಯದು. ಆದುದರಿಂದ ಬಾಣಕ್ಕೆ ಗುರಿಯನ್ನು ಮಾತ್ರ ಆಟಗಾರನು ತೋರಿಸಬೇಕು, ದಿಕ್ಕಿನ ವಾಲಿಕೆಯನ್ನು ದಾಳ ಹೇಳಬೇಕು ಎಂಬ ಬಗೆಯ ಏರ್ಪಾಡು ಮಾಡುವುದುಂಟು. ಒಮ್ಮೊಮ್ಮೆ ಬಾಣವು ತಿರುಗಿ ಸ್ವಪಕ್ಷದ ಮೇಲೆಯೇ ಬೀಳುತ್ತದೆ. ದಸರೆಯಲ್ಲಿ ಗೊಂಬೆ ಕೂರಿಸುವ ಮೈಸೂರಿನ ಮನೆಗಳವರಿಗೆ ಈ ಹವ್ಯಾಸದ ಅರ್ಧವು ವಿವರಣೆಯಿಲ್ಲದೆಯೇ ಅರ್ಥವಾದೀತು. ಮೆಟ್ಟಿಲ ಕೆಳಗೆ ಉದ್ಯಾನ ಮಾಡಲು ರಾಗಿ ಬಿತ್ತಿ ಪೈರು ಬರಿಸುವ ಹೆಂಗಸರಿಗೂ ಮೇಜಿನ ಮೇಲೆ ಹುಲ್ಲು ನೆಡುವ ಈ ಗಂಡಸರಿಗೂ ಒಂದು ನೆಂಟಸ್ತನವಿದೆ.

ಯುದ್ಧವನ್ನು ವಿನೋದವಾಗಿಸುವುದು ಯುಕ್ತವೇ ಎಂಬ ಪ್ರಶ್ನೆಯನ್ನು ಹೊರಗಿನವರು ಮಾತ್ರವಲ್ಲ, ಆಟಗಾರರೂ ಕೇಳಿಕೊಂಡಿದ್ದಾರೆ. ನಿನ್ನೆ ಮೊನ್ನೆಯ ಯುದ್ಧಗಳನ್ನು, ಗಾಯಗೊಂಡವರು ಇನ್ನೂ ಬದುಕಿರುವಾಗ, ಆಡತಕ್ಕದ್ದಲ್ಲವೆಂದು ಕೆಲವರು ತಮಗೆ ತಾವೇ ಎಲ್ಲೆ ಹಾಕಿಕೊಳ್ಳುತ್ತಾರೆ. ಆ ಸಂಕೋಚವು ಗೌರವಾರ್ಹ. ಆದರೆ ಮೇಜಿನ ಬಳಿ ಒಂದು ಮಧ್ಯಾಹ್ನ ನಿಂತವನು ರಕ್ತಪಿಪಾಸೆಯನ್ನು ಅಲ್ಲಿ ಕಾಣನು. ಕಾಣುವುದು ಪರಸ್ಪರ ವಿಶ್ವಾಸ: ಅಂಗುಲದ ಕಾಲುಭಾಗದ ಸಂಶಯ ಬಂದಾಗ ಎದುರಾಳಿಗೇ ಬಿಟ್ಟುಕೊಡುವುದು, ಬೇರೊಬ್ಬನ ಗೊಂಬೆಯನ್ನು ಬಂದೂಕಿನ ತುದಿ ಬಾಗದಂತೆ ಬುಡದ ಬಿಲ್ಲೆಯಿಂದ ಹಿಡಿದೆತ್ತುವುದು, ಸೋತವನು ಗೆದ್ದವನ ಕೈ ಕುಲುಕಿ ಸೂತ್ರಧಾರನಿಗೆ ವಂದನೆ ಹೇಳುವುದು. ಅವಧಿ ಮುಗಿದಾಗ ಆಡಿದವರೇ ಹತ್ತಿಯನ್ನೂ ಮರಗಳನ್ನೂ ಆರಿಸಿ ಪೆಟ್ಟಿಗೆಗೆ ತುಂಬುತ್ತಾರೆ, ಏಕೆಂದರೆ ಮುಂದಿನ ಸೂತ್ರಧಾರನು ತನ್ನ ಪೆಟ್ಟಿಗೆಗಳೊಡನೆ ಆಗಲೇ ಬದಿಗೆ ಬಂದು ನಿಂತಿರುತ್ತಾನೆ.

ಸಮ್ಮೇಳನದ ಇನ್ನೊಂದು ಮೂಲೆಯಲ್ಲಿ ಹಳೆಯ ಸರಕಿನ ಸಂತೆ ನಡೆಯುತ್ತಿರುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ ತಂದು ಮಾರುವ, ಕೊಂಡೊಯ್ಯುವ ಅಂಗಡಿಯೆಂಬ ಅರ್ಥದ ಹೆಸರಿದೆ. ಹವ್ಯಾಸವು ಮುಪ್ಪಾಗುತ್ತಿರುವುದರಿಂದ, ತೀರಿಕೊಂಡ ಆಟಗಾರರ ಸೈನ್ಯಗಳನ್ನು ಅವರ ಮಡದಿಯೋ ಮಕ್ಕಳೋ ಇಲ್ಲಿಗೆ ತರುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದ ನೆಪೋಲಿಯನ್ನನ ಒಂದು ದಳವನ್ನು ಕೊಂಡ ತರುಣನು ಅದರಲ್ಲೊಂದನ್ನೆತ್ತಿ ತಿರುಗಿಸಿ ನೋಡುತ್ತಾನೆ. ಬುಡದ ಬಿಲ್ಲೆಯ ಅಡಿಯಲ್ಲಿ ಸಣ್ಣ ಕುಂಚದಿಂದ ಬರೆದ ಎರಡು ಅಕ್ಷರಗಳ ಅಂಕಿತವೂ, ಅದರ ಕೆಳಗೆ ಬಣ್ಣ ಮುಗಿಸಿದ ವರ್ಷವೂ ಇವೆ. ಕೆಲವರು ಆ ಅಂಕಿತವನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ತಮ್ಮದನ್ನೂ ಬರೆಯುತ್ತಾರೆ.